ವಿಶ್ರಾಂತಿಗೆ ಶೇಕಡಾ ಎಪ್ಪತ್ತೈದು ಹಾಜರಾತಿ

೨೦೦೬ರ ಜೂನ್‌ನಿಂದ ವಿಜಯವಾಡದ ಹೊರವಲಯದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ವಿಶ್ರಾಂತಿಯನ್ನು ಕಡ್ಡಾಯಗೊಳಿಸಲಾಯಿತು. ಓದು, ತರಬೇತಿ, ವಿರಾಮಗಳ ನಡುವೆ ವಿದ್ಯಾರ್ಥಿಗಳು ಸಮತೋಲನ ಕಾಯ್ದುಕೊಳ್ಳುತ್ತಿಲ್ಲವೆಂಬುದು ಆಡಳಿತ ಮಂಡಳಿಯ ಗಮನಕ್ಕೆ ಬಂದಿತ್ತು. ತಪಾಸಣಾ ಸಮಿತಿ ಬರುತ್ತದೆಂಬುದೂ ಅದೇ ವಾರ ಗಮನಕ್ಕೆ ಬಂದಿತ್ತು.

"ವಿಶ್ರಾಂತಿಯಲ್ಲಿ ಶೇಕಡಾ ಎಪ್ಪತ್ತೈದು ಹಾಜರಾತಿ ಇಲ್ಲದವರು ಪರೀಕ್ಷೆಗೆ ಕೂರತಕ್ಕದ್ದಲ್ಲ," ಎಂದಿತ್ತು ಸುತ್ತೋಲೆ. "ಮನೆಗೆ ಹೋಗುವುದನ್ನು ವಿಶ್ರಾಂತಿಯೆಂದು ಪರಿಗಣಿಸಲಾಗದು. ಮನೆಯಲ್ಲಿ ಕೆಲಸ ಹೇಳುತ್ತಾರೆ."

ವಿಶಾಖಪಟ್ಟಣದ ಟೌನ್‌ಶಿಪ್ಪಿನಲ್ಲಿ ಕೂತು ನರಹರಿ ಇದನ್ನು ಎರಡು ಸಲ ಓದಿದರು. ಸರ್ಕಾರಿ ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಇಪ್ಪತ್ತೆರಡು ವರ್ಷ ಸವೆಸಿದ ಅವರಿಗೆ ದೋಷವೇನೂ ಕಾಣಲಿಲ್ಲ. ಕ್ರಮಸಂಖ್ಯೆಯಿತ್ತು, ದಿನಾಂಕವಿತ್ತು, ಮೊಹರಿತ್ತು. ತೊಂದರೆಯಿದ್ದದ್ದು ಮನೆಯಲ್ಲಿ. ಹಿರಿಯೂರಿನಿಂದ ಬಂದಿದ್ದ ಅವರ ತಾಯಿ ಚೆನ್ನಮ್ಮ, ಆ ಕಾಲೇಜಿನಲ್ಲಿ ಓದುತ್ತಿದ್ದ ಮೊಮ್ಮಗಳು ಹಂಸಾಳನ್ನು ನೋಡಿ ಎರಡು ವರ್ಷವಾಗಿತ್ತು. ಒಂದು ರಜೆಯನ್ನು ಓದು ನುಂಗಿತ್ತು, ಇನ್ನೊಂದನ್ನು ತರಬೇತಿ. ಈ ಸಲದ ರಜೆಯನ್ನು ವಿಶ್ರಾಂತಿ ನುಂಗುವುದರಲ್ಲಿತ್ತು. ಭಾನುವಾರ ಮುದುಕಿಗೆ ವಾಪಸ್ ರೈಲು.

"ಮಗೀನ್ ಮುಖ ನೋಡ್ದೆ ನಾನು ರೈಲು ಹತ್ತಾಕಿಲ್ಲ," ಎಂದರು ಚೆನ್ನಮ್ಮ.

ಅದೃಷ್ಟಕ್ಕೆ ವಿಶ್ರಾಂತಿ ತಂಡ ವಿಶಾಖಪಟ್ಟಣಕ್ಕೇ ಬಂತು. ಶನಿವಾರ ಬೆಳಗ್ಗೆ ನರಹರಿ ಬೀಚಿಗೆ ಹೋದಾಗ ಅರವತ್ತು ಮಂದಿ ನಾಲ್ಕು ಸಾಲಿನಲ್ಲಿ ಕೂತಿದ್ದರು. ಒಂಬತ್ತರಿಂದ ಹತ್ತು, ಸಮುದ್ರ ವೀಕ್ಷಣೆ. ಹತ್ತರಿಂದ ಹನ್ನೊಂದು, ಗೊತ್ತುಗುರಿಯಿಲ್ಲದ ನಡಿಗೆ, ಬಲದಿಂದ ಎಡಕ್ಕೆ. ಆಮೇಲೆ ಹರಟೆ, ರೆಕಾರ್ಡ್ ಪುಸ್ತಕ ತರತಕ್ಕದ್ದು.

ಹಂಸಾ ಮೂರನೇ ಸಾಲಿನಲ್ಲಿದ್ದಳು. ಅಪ್ಪನನ್ನು ಅವಳು ತೆಲುಗಿನವರಂತೆ ನಾನ್ನ ಎನ್ನುತ್ತಿದ್ದಳು.

"ಮಾತಾಡಿಸ್ಬೇಡಿ ನಾನ್ನ. ಇನ್ನೂ ಕಾಲು ಗಂಟೆ ಸಮುದ್ರ ಬಾಕಿ ಇದೆ."

"ಮನೆ ಇಲ್ಲಿಂದ ಒಂದು ಗಂಟೆ ದಾರಿ ಕಣೇ. ಅಜ್ಜಿ ಕಾಯ್ತಿದಾರೆ."

"ಗೊತ್ತು. ಆ ಕಡೆ ತಿರುಗಿ ನೋಡಿದ್ರೆ ಆಬ್ಸೆಂಟ್."

ನರಹರಿ ಸಮತೋಲನಾಧಿಕಾರಿ ದಕ್ಷಿಣಾಮೂರ್ತಿಯವರ ಬಳಿ ಹೋದರು. ಅವರು ಕೊಡೆಯ ಕೆಳಗೆ ಹಾಜರಿ ಪುಸ್ತಕದೊಂದಿಗೆ ಬೆವರುತ್ತಿದ್ದರು. ಒಂದು ತಿಂಗಳಿಂದ ಅವರಿಗೆ ರಜೆ ಸಿಕ್ಕಿರಲಿಲ್ಲ.

"ಮನೆಗೆ ಕಳಿಸಿದರೆ ಹಾಜರಿ ಯಾರು ತಗೋತಾರಂಡಿ?" ಎಂದರು ಅವರು, ತೆಲುಗಿನ ಮರ್ಯಾದೆಯ 'ಅಂಡಿ' ಸೇರಿಸಿ.

"ನಾನೇ ತಗೋತೀನಿ ಸಾರ್."

"ನೀವು ತಂದೆ. ಪಕ್ಷಪಾತ ಆಗುತ್ತೆ."

"ಹಾಗಾದರೆ ಅಜ್ಜಿಯನ್ನೇ ಕರ್ಕೊಂಡು ಬರಲಾ?"

"ಸಂದರ್ಶಕರಿಂದ ವಿಶ್ರಾಂತಿ ಕೆಡುತ್ತೆ. ನಿಯಮ ಒಂಬತ್ತು."

ನರಹರಿ ನಿಯಮದ ಜೊತೆ ಜಗಳವಾಡುವವರಲ್ಲ. ಅದರ ಮುಂದಿನದನ್ನು ಓದುವವರು. ನಿಯಮ ಹತ್ತರ ಪ್ರಕಾರ ಹೊರಗಿನ ತಜ್ಞರ ಉಪನ್ಯಾಸವೊಂದು ನಡೆಯಬೇಕಿತ್ತು.

"ತಜ್ಞರು ಬಂದರಾ?"

"ಒಪ್ಪಿದ್ದರಂಡಿ. ಕೊನೇ ಗಳಿಗೆಯಲ್ಲಿ ಬಿಡುವಿಲ್ಲ ಅಂದುಬಿಟ್ಟರು."

"ನಮ್ಮ ತಾಯಿ ಮೂವತ್ತು ವರ್ಷದಿಂದ ಮಧ್ಯಾಹ್ನ ಮಲಗ್ತಾರೆ. ಒಂದು ದಿನ ತಪ್ಪಿಸಿಲ್ಲ."

ದಕ್ಷಿಣಾಮೂರ್ತಿ ನಗಲಿಲ್ಲ. "ಅನುಭವ ಪ್ರಮಾಣಪತ್ರ ಇದೆಯಾ?"

ನರಹರಿ ಅಲ್ಲೇ ಬರೆದು ಸಹಿ ಮಾಡಿದರು.

ಮೂರು ಗಂಟೆಗೆ ಚೆನ್ನಮ್ಮನಿಗೆ ಶಾಲು ಹೊದಿಸಲಾಯಿತು. ಅವರು ಉಪನ್ಯಾಸ ಆರಂಭಿಸಿದರು: "ಯಾಕೇ ತಾಯಿ, ಹಿಂಗೆ ಒಣಗಿದೀಯ? ಬಾ ಇಲ್ಲಿ."

ಅರವತ್ತು ಮಂದಿ ಬರೆದುಕೊಂಡರು. ಹೆಚ್ಚಿನವರಿಗೆ ಕನ್ನಡ ಬಾರದ ಕಾರಣ ಉಪನ್ಯಾಸ ಉನ್ನತ ಮಟ್ಟದ್ದೆನಿಸಿತು. ಹಂಸಾ ಎದ್ದಳು. ವಿದ್ಯಾರ್ಥಿಗಳು ತಜ್ಞರನ್ನು ಸಮೀಪಿಸುವಂತಿಲ್ಲವೆಂದು ದಕ್ಷಿಣಾಮೂರ್ತಿ ಹೇಳುವಷ್ಟರಲ್ಲಿ ನರಹರಿ, "ಇದು ಪ್ರಾತ್ಯಕ್ಷಿಕೆ ಸಾರ್," ಎಂದರು. ಹುಡುಗಿ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟಳು. ಅಜ್ಜಿ ಕೂದಲಲ್ಲಿ ಬೆರಳಾಡಿಸಿದರು. ಹತ್ತು ನಿಮಿಷದಲ್ಲಿ ಇಬ್ಬರಿಗೂ ನಿದ್ದೆ ಬಂತು. ಯಾರೂ ಕೆಮ್ಮಲಿಲ್ಲ. ಫೋಟೋ ತೆಗೆಯಲಾಯಿತು.

ಹಂಸಾ ಎದ್ದಾಗ ದಕ್ಷಿಣಾಮೂರ್ತಿ ವಿಷಾದದಿಂದ ತಿಳಿಸಿದರು: ಪ್ರಾತ್ಯಕ್ಷಿಕೆಗೆ ನೆರವಾದ್ದರಿಂದ ಆ ಒಂದು ಗಂಟೆ ತರಬೇತಿಯ ಲೆಕ್ಕಕ್ಕೆ ಹೋಗುತ್ತದೆ. ವಿಶ್ರಾಂತಿಯಲ್ಲಿ ಅವಳಿಗೀಗ ಎಪ್ಪತ್ನಾಲ್ಕು. ಭಾನುವಾರ ಒಂದು ಗಂಟೆ ಹೆಚ್ಚು ಸಮುದ್ರ ನೋಡಿ ಸರಿದೂಗಿಸತಕ್ಕದ್ದು.

ಹಾಗಾಗಿ ಅಜ್ಜಿಯನ್ನು ರೈಲು ಹತ್ತಿಸಲು ಹಂಸಾ ಬರಲಿಲ್ಲ. ಟೌನ್‌ಶಿಪ್ಪಿನ ಆರು ತಾಯಂದಿರು ಬಂದಿದ್ದರು. ಅವರ ಮಕ್ಕಳೂ ಅದೇ ಕಾಲೇಜಿನಲ್ಲಿದ್ದರು. ಒಬ್ಬಾಕೆಗೆ ತುತ್ತು ಕಲಸಿ ಕೊಡುವುದರಲ್ಲಿ ಹತ್ತೊಂಬತ್ತು ವರ್ಷದ ಅನುಭವವಿತ್ತು, ಇನ್ನೊಬ್ಬಾಕೆಗೆ ಎಣ್ಣೆ ಹಚ್ಚುವುದರಲ್ಲಿ. ಪ್ಲಾಟ್‌ಫಾರ್ಮಿನಲ್ಲೇ ನರಹರಿ ಅವರಿಗೆ ಹೊರಗಿನ ತಜ್ಞರಾಗಲು ಕೊಡಬೇಕಾದ ಅರ್ಜಿಯ ನಮೂನೆ ವಿವರಿಸಿದರು.

ಚೆನ್ನಮ್ಮ ಕಿಟಕಿಯಿಂದ ಮಗನನ್ನು ಕರೆದರು.

"ಲೋ, ಮುಂದಿನ್ ವರ್ಷ ನಂಗೆ ಎರಡು ಪಾಠ ಹಾಕ್ಸು. ಒಂದ್ರಾಗೆ ಬರೇ ನಿದ್ದೆ ಆಗೋತು, ಮಾತೇ ಆಡ್ಲಿಲ್ಲ."

"ಮಾರ್ಚಿಗೆ ಮುಂಚೆ ಅರ್ಜಿ ಕೊಡಬೇಕಮ್ಮ."

"ತತ್ತಾ, ಈಗ್ಲೇ ಹೆಬ್ಬೆಟ್ಟು ಒತ್ತಿ ಹೋಗ್ತೀನಿ."