ಅತ್ತೆಯ ಕತ್ತಲೆ ಪಿಚ್ಚರ್

ನಮ್ಮ ಅತ್ತೆ ಪತ್ತೆ ಹಚ್ಚಲಾರದ ಕೊಲೆ ಈ ಭೂಮಿಯ ಮೇಲೆ ಇನ್ನೂ ನಡೆದಿಲ್ಲ! ಟೋಪಿ ಹಾಕಿಕೊಂಡ ಪತ್ತೇದಾರರು ಸಿನಿಮಾ ಪೂರ್ತಿ ಸಿಗರೇಟು ಸುಟ್ಟು, ಸಿಕ್ಕಸಿಕ್ಕವರಿಂದ ಒದೆ ತಿಂದು, ಕೊನೆಗೆ ಹಿಡಿಯುವ ಕೊಲೆಗಾರನನ್ನು ಅವಳು ವೀಳ್ಯದೆಲೆಗೆ ಸುಣ್ಣ ಸವರಿ ಬಾಯಿಗಿಡುವಷ್ಟರಲ್ಲಿ ಹಿಡಿದುಬಿಡುತ್ತಾಳೆ. ಆ ಕೊಲೆಗಳೆಲ್ಲ ಅಮೆರಿಕದಲ್ಲಿ, ನಮ್ಮ ಅಪ್ಪ ಹುಟ್ಟುವುದಕ್ಕೂ ಮುಂಚೆ ನಡೆದವು ಎಂಬುದು ಬೇರೆ ಮಾತು. ಸಿನಿಮಾದ ಭಾಷೆ ಇಂಗ್ಲಿಷು. ಅತ್ತೆಗೆ ಬರುವ ಇಂಗ್ಲಿಷೆಂದರೆ ಫ್ಯಾಟು, ಡಿಗ್ರಿ, ಬೋನಸ್ಸು. ಎಲ್ಲವೂ ಹಾಲಿನ ಡೈರಿಯಲ್ಲಿ ಕಲಿತವು.

ಅತ್ತೆ ನನ್ನ ಅಪ್ಪನ ಅಕ್ಕ. ಚಿನಕುರಳಿಯಲ್ಲಿ ಅವಳ ಮನೆ, ಎರಡು ಹಸು, ಒಂದಿಷ್ಟು ಕಬ್ಬು. ನಮ್ಮ ಮನೆ ಇರುವುದು ಗಂಜಾಂನಲ್ಲಿ. ನಿಮಿಷಾಂಬ ದೇವಸ್ಥಾನಕ್ಕೆ ಹೋಗುವ ಕಾರುಗಳು ಬೆಳಗಿನಿಂದ ಹಾರನ್ನು ಹೊಡೆಯುವುದರಿಂದ ಅಲ್ಲಿ ಕೂತು ಓದುವುದು ದೇವರಿಗೂ ಕಷ್ಟ. ಎಂ.ಎ. ಮುಗಿಸಿ ಲೆಕ್ಚರರ್ ಪರೀಕ್ಷೆಗೆ ಓದುತ್ತಿದ್ದ ನಾನು ಅದಕ್ಕೇ ಅತ್ತೆಯ ಮನೆಗೆ ಹೋಗಿ ಇರುತ್ತಿದ್ದೆ. ಹಾಗೆಂದು ಮನೆಯಲ್ಲಿ ಹೇಳಿದ್ದೆ. ಇನ್ನೊಂದು ಕಾರಣವೂ ಇತ್ತು.

ನಾಗಮಂಗಲದ ಕಡೆಯಿಂದ ನನಗೊಂದು ಸಂಬಂಧ ಬಂದಿತ್ತು. ಹುಡುಗನಿಗೆ ಸರ್ಕಾರಿ ಕೆಲಸ, ತೋಟ, ತಲೆತುಂಬ ಕೂದಲು. ಅವನದೇನೂ ತಪ್ಪಿಲ್ಲ. ನನಗೆ ಬೇಡವಾಗಿತ್ತು, ಅಷ್ಟೆ. ಆದರೆ ನಮ್ಮ ಮನೆಯಲ್ಲಿ ಬೇಡ ಎನ್ನಲು ಕಾರಣ ಕೊಡಬೇಕು. ಬೇಕು ಎನ್ನಲು ಸುಮ್ಮನಿದ್ದರೆ ಸಾಕು. ನಾನೋ ಹುಟ್ಟಿದಾಗಿನಿಂದ ಸುಮ್ಮನಿರುವವಳು. ಹೀಗಾಗಿ ಮದುವೆ ತನ್ನಷ್ಟಕ್ಕೆ ತಾನೇ, ಬ್ರೇಕಿಲ್ಲದ ಗಾಡಿಯ ಹಾಗೆ, ಇಳಿಜಾರಿನಲ್ಲಿ ಬರುತ್ತಿತ್ತು.

ಮಧ್ಯಾಹ್ನದ ಹೊತ್ತು ಓದು ತಲೆಗೆ ಹತ್ತದಿದ್ದಾಗ ಲ್ಯಾಪ್‌ಟಾಪಿನಲ್ಲಿ ಹಳೆಯ ಕಪ್ಪುಬಿಳುಪು ಸಿನಿಮಾ ಹಾಕಿಕೊಳ್ಳುತ್ತಿದ್ದೆ. ವಿಶ್ವವಿದ್ಯಾಲಯದಲ್ಲಿ ನನಗೆ ಸಿನಿಮಾ ಕುರಿತ ಒಂದು ಐಚ್ಛಿಕ ಪತ್ರಿಕೆ ಇತ್ತು. ಮೇಷ್ಟ್ರು ಕೊಟ್ಟ ಪೆನ್‌ಡ್ರೈವಿನ ತುಂಬ ಫಿಲ್ಮ್ ನುವಾರ್. ಹೆಸರಿಟ್ಟವರು ಫ್ರೆಂಚರು, ಅರ್ಥ ಕಪ್ಪು ಸಿನಿಮಾ. ಒಂದು ದಿನ ಹಿಂಡಿ ಕಲೆಸಿದ ಕೈಯಲ್ಲೇ ಅತ್ತೆ ಹಿಂದೆ ಬಂದು ನಿಂತಳು. ಪರದೆಯ ಮೇಲೆ ದೊಡ್ಡ ಬಂಗಲೆ, ಒಳಗೆಲ್ಲ ಕತ್ತಲೆ, ಮೂಲೆಯಲ್ಲಿ ಒಂದೇ ದೀಪ.

"ಇಷ್ಟು ದೊಡ್ಡ ಮನೆ ಕಟ್ಟವ್ರೆ, ಒಂದು ಟೂಬ್‌ಲೈಟ್ ಹಾಕ್ಸಕ್ಕೆ ಆಗ್ನಿಲ್ವಾ?" ಎಂದಳು.

ಬೆಳಕು ನೆರಳು, ಮನುಷ್ಯನ ಮನಸ್ಸಿನ ಇಬ್ಬಂದಿತನ, ಯುದ್ಧದ ನಂತರದ ಅನಾಥಭಾವ ಎಂದೆಲ್ಲ ನಾನು ವಿವರಿಸಿದೆ. ಪರೀಕ್ಷೆಯಲ್ಲಿ ಇದಕ್ಕೆ ಒಳ್ಳೆಯ ಅಂಕ ಬಂದಿತ್ತು. ಅತ್ತೆ ಕೈ ತೊಳೆದು ಬಂದು ಕೂತಳು. ಸ್ವಲ್ಪ ಹೊತ್ತು ನೋಡಿ, ಆ ಟೋಪಿಯವನಿಗೆ ಊಟಕ್ಕಿಕ್ಕುವವರು ಯಾರೆಂದು ಕೇಳಿದಳು. ನಾನು ಯೋಚಿಸಿದೆ. ಹೌದಲ್ಲ! ಅಷ್ಟು ಸಿನಿಮಾಗಳಲ್ಲಿ ಅವರಲ್ಲಿ ಒಬ್ಬನೂ ನೆಟ್ಟಗೆ ಕೂತು ಉಂಡದ್ದನ್ನು ನಾನು ನೋಡಿರಲಿಲ್ಲ. ಕುಡಿಯುವುದು, ಸೇದುವುದು, ಕೊಲ್ಲುವುದು, ಇಷ್ಟೇ.

"ಅದುಕ್ಕೇ ಇಂಗಾಗಿರಾದು. ಮುದ್ದೆ ಉಂಡೋನ್ಗೆ ನಿದ್ದೆ ಬತ್ತದೆ ಕಣ್ ಮಗ. ಕೊಲೆ ಎಲ್ಲಿಂದ ಬತ್ತದೆ?"

ಇಡೀ ಪ್ರಕಾರದ ಬಗ್ಗೆ ಅತ್ತೆಯ ಸಿದ್ಧಾಂತ ಇದು. ಇದನ್ನು ಖಂಡಿಸುವ ಲೇಖನ ನನಗಿನ್ನೂ ಸಿಕ್ಕಿಲ್ಲ.

ಅಂದಿನಿಂದ ಅದೊಂದು ವ್ರತವಾಯಿತು. ಹಸುಗಳಿಗೆ ನೀರು ತೋರಿಸಿ ಬಂದವಳೇ ಬಾಗಿಲು ಮುಂದೆ ಮಾಡಿ, ಕಿಟಕಿಗೆ ಕಂಬಳಿ ಇಳಿಬಿಟ್ಟು, "ಹಾಕು, ಕತ್ಲೆ ಪಿಚ್ಚರ್ ಹಾಕು" ಎನ್ನುತ್ತಿದ್ದಳು. ಸಿನಿಮಾದ ಪಟ್ಟಣಗಳ ಬೀದಿಗಳು ಸದಾ ಒದ್ದೆಯಾಗಿರುತ್ತಿದ್ದದ್ದು ಅವಳಿಗೆ ಬಹಳ ಮೆಚ್ಚುಗೆ. ಜನ ಏನೇ ಕೆಟ್ಟವರಿರಲಿ, ಬಾಗಿಲಿಗೆ ನೀರು ಹಾಕುವುದನ್ನು ಬಿಟ್ಟಿಲ್ಲವಂತೆ! ಎರಡನೆಯ ದಿನವೇ ಸದ್ದು ನಿಲ್ಲಿಸಲು ಅಪ್ಪಣೆಯಾಯಿತು. ಅವರ ಮಾತು ಅಡ್ಡ ಬಂದು ಮುಖ ಕಾಣುವುದಿಲ್ಲವಂತೆ. ಹಾಗಾಗಿ ನಾವು ಮೂಕಿ ನೋಡಿದೆವು. ಗುಂಡಿನ ಸದ್ದಿಗೇನೂ ಕೊರತೆಯಾಗಲಿಲ್ಲ. ಕಲ್ಲು ತುಂಬಿದ ಲಾರಿಗಳು ಮನೆಯ ಮುಂದಿನ ಹಳ್ಳಕ್ಕೆ ಧಡಾರನೆ ಇಳಿಯುತ್ತಿದ್ದವು, ಕೆಲವೊಮ್ಮೆ ಸರಿಯಾದ ಸಮಯಕ್ಕೆ.

ಕೊಲೆಗಾರ ಅಷ್ಟು ಬೇಗ ಹೇಗೆ ಗೊತ್ತಾಗುತ್ತಾನೆಂದು ಒಮ್ಮೆ ಕೇಳಿದೆ.

"ಮಾತಾಡೋನ್ನ ಎಲ್ರೂ ನೋಡ್ತಾರೆ" ಎಂದಳು ಅತ್ತೆ. "ನೀನು ಸುಮ್ಕೆ ಕೇಳ್ತಾ ನಿಂತವ್ನಲ್ಲ, ಅವ್ನ ಮಖ ನೋಡು."

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಅತ್ತೆ ದಿನಕ್ಕೆರಡು ಸಲ ಡೈರಿಗೆ ಹಾಲು ಹಾಕುತ್ತಾಳೆ. ಅಲ್ಲಿ ಕ್ಯಾನು ಹಿಡಿದು ಸಾಲಿನಲ್ಲಿ ನಿಂತ ಹೆಂಗಸರಿಗೆ ಸಂಜೆ ಅರ್ಧ ಕಥೆ, ಮರುದಿನ ಬೆಳಿಗ್ಗೆ ಉಳಿದರ್ಧ. ನಮ್ಮ ಕಡೆ ಯಾವ ಮನುಷ್ಯನ ಸುದ್ದಿ ಎತ್ತಿದರೂ ಮೊದಲ ಪ್ರಶ್ನೆ ಒಂದೇ: ಯಾವೂರೋನು? ಯಾರ ಪೈಕಿ? ಇದಕ್ಕೆ ಉತ್ತರ ಸಿಗದ ಹೊರತು ಕಥೆ ಮುಂದಕ್ಕೆ ಹೋಗುವ ಹಾಗಿಲ್ಲ. ಅಮೆರಿಕದವನು ಎಂದರೆ ಯಾರಿಗೆ ತಾನೇ ಸಮಾಧಾನವಾದೀತು? ಅತ್ತೆ ಎಲ್ಲರಿಗೂ ಊರು ಹಂಚಿದಳು. ಹೊಗೆ ಬಿಡುವ ಸುಂದರಿ ಕೆ.ಆರ್. ಪೇಟೆಯವಳಾದಳು. ಪೊಲೀಸು ಪಾಂಡವಪುರದವನು. ಬೂಕನಕೆರೆಗೆ ಅತ್ತೆಯ ನಾದಿನಿಯನ್ನು ಕೊಟ್ಟಿದೆ, ಆದ್ದರಿಂದ ಅಲ್ಲಿ ಬರೀ ಪ್ರಾಮಾಣಿಕ ಸಾಕ್ಷಿಗಳು ಹುಟ್ಟುತ್ತಿದ್ದರು. ಇನ್ನು ಕೊಲೆಗಾರರು? ನೆಂಟರಿಷ್ಟರು ಯಾರೂ ಇಲ್ಲದ ಊರೇ ಆಗಬೇಕಲ್ಲ, ಎಲ್ಲರನ್ನೂ ನಾಗಮಂಗಲದ ಕಡೆಗೆ ಸಾಗಿಸಿದಳು. ನನ್ನ ಸಂಬಂಧದ ವಿಷಯ ಆಗಿನ್ನೂ ಅವಳಿಗೆ ತಿಳಿಸಿರಲಿಲ್ಲ.

ಸಂಬಂಧ ಬೆಳೆಸುವ ಮುನ್ನ ಹೆಣ್ಣಿನ ಕಡೆಯ ನೆಂಟರ ಊರಿಗೆ ಹೋಗಿ ಗುಟ್ಟಾಗಿ ವಿಚಾರಿಸುವುದು ವಾಡಿಕೆ. ಹುಡುಗನ ಚಿಕ್ಕಪ್ಪ ಒಂದು ಸಂಜೆ ಬೈಕಿನಲ್ಲಿ ಚಿನಕುರಳಿಗೆ ಬಂದು ನೇರ ಡೈರಿಗೇ ಹೋದರು. ಹೆಣ್ಣಿನ ಸೋದರತ್ತೆ ಹೇಗೆ, ಮನೆತನ ಹೇಗೆ ಎಂದು ನಯವಾಗಿ ಕೇಳಿದರು. ಯಾವ ಕಡೆಯವರು ಎಂದು ಹೆಂಗಸರು ಕೇಳಿದರು. ನಾಗಮಂಗಲದ ಕಡೆ ಎಂದರು. ಸಾಲಿಗೆ ಸಾಲೇ ಒಂದು ಹೆಜ್ಜೆ ಹಿಂದೆ ಸರಿಯಿತಂತೆ.

"ಅಲ್ಲಾ ಅಣ್ಣ, ಗಡಿಯಾರದಂಗ್ಡಿ ಮುದುಕುನ್ನ ಕೊಂದ್ಬುಟ್ನಲ್ಲ ನಿಮ್ ಕಡೆ ಟೋಪಿಯವ್ನು, ಸಿಕ್ಕುದ್ನಾ?" ಎಂದು ಒಬ್ಬಳು ಕೇಳಿದಳು.

ಅಂದು ಅತ್ತೆ ಸಿನಿಮಾದ ಅರ್ಧ ಕಥೆಯನ್ನಷ್ಟೇ ಹೇಳಿ ಮನೆಗೆ ಬಂದಿದ್ದಳು. ಹೆಂಗಸರ ಆತಂಕ ಸಹಜವಾದದ್ದೇ.

ಚಿಕ್ಕಪ್ಪ ನಮ್ಮನ್ನು ವಿಚಾರಿಸಲು ಬಂದವರು ತಮ್ಮ ಊರನ್ನೇ ವಿಚಾರಿಸುತ್ತ ಹೋದರು. ಸುತ್ತಮುತ್ತ ಗಡಿಯಾರದಂಗಡಿ ಯಾರದು, ಮುದುಕ ಯಾರು, ಟೋಪಿಯವನು ಯಾವ ವಂಶ ಎಂದು ಪಾಪ ಬಹಳ ದಿನ ಅಲೆದರಂತೆ. ಕೊನೆಗೆ ಏನೂ ಸಿಗದೆ, ಎರಡೂ ಕಡೆ ದೋಷವಿಲ್ಲವೆಂದು ತೀರ್ಮಾನಿಸಿ, ಹೆಣ್ಣು ನೋಡುವ ದಿನ ಗೊತ್ತುಮಾಡಿದರು. ಅಮೆರಿಕದ ಕೊಲೆಯೂ ನನ್ನನ್ನು ಉಳಿಸಲಿಲ್ಲ!

ಆ ದಿನ ಅತ್ತೆ ಬೆಳಗಿನ ಹಾಲು ಹಾಕಿ ಮೊದಲ ಬಸ್ಸಿಗೇ ಗಂಜಾಂಗೆ ಬಂದಳು. ಬಂದವಳೇ ನಡುಮನೆಯ ಕಿಟಕಿಯ ಒಂದು ಬಾಗಿಲು ಮುಚ್ಚಿ ಒಂದನ್ನು ತೆರೆದಿಟ್ಟಳು. ಒಂದು ಕುರ್ಚಿಯನ್ನು ಆ ಬೆಳಕಿಗೆ ಎದುರಾಗಿ ಎಳೆದಳು. ಹುಡುಗನನ್ನು ವಿಚಾರಣೆಗೆ ಕೂರಿಸುತ್ತಾಳೆಂದು ನನಗೆ ಖಾತ್ರಿಯಾಯಿತು. ನಾಚಿಕೆಯೂ ಆಯಿತು, ನಿಜ ಹೇಳಬೇಕೆಂದರೆ ಸಣ್ಣ ಆಸೆಯೂ ಹುಟ್ಟಿತು. ಆದರೆ ಅವರು ಬಂದಾಗ ಅತ್ತೆ ಹುಡುಗನನ್ನು ಗೋಡೆಯ ಪಕ್ಕ ಕೂರಿಸಿದಳು. ಕಾಫಿ ಕೊಟ್ಟ ಮೇಲೆ ನನ್ನ ತೋಳು ಹಿಡಿದು, ಕಿಟಕಿಯ ಎದುರಿನ ಕುರ್ಚಿಯಲ್ಲಿ ನನ್ನನ್ನೇ ಕೂರಿಸಿ, ತಾನು ಕಂಬದ ಪಕ್ಕ ನೆಲದ ಮೇಲೆ ಕೂತಳು.

ಮಾತು ನಡೆಯಿತು. ಅಪ್ಪ ಮಾತಾಡಿದರು, ಚಿಕ್ಕಪ್ಪ ಮಾತಾಡಿದರು, ಮಳೆ ಬೆಳೆ ನಾಲೆ ನೀರು ಎಲ್ಲ ಬಂದು ಹೋದವು. ಆಮೇಲೆ ಛತ್ರದ ಸುದ್ದಿ ಬಂತು. ಹುಡುಗಿಯದೇನು ಎಂದು ಯಾರೋ ಕೇಳಿದರು. ಅವಳು ಬಾಯಿ ಸತ್ತವಳು, ನಾವು ಹೇಳಿದ್ದೇ ಎಂದು ಅಪ್ಪ ಹೆಮ್ಮೆಯಿಂದ ನಕ್ಕರು. ಅಮ್ಮ ಎಲೆ, ಅಡಿಕೆ, ತೆಂಗಿನಕಾಯಿಯ ತಟ್ಟೆ ಹಿಡಿದು ಬಂದಳು. ತಾಂಬೂಲ ಕೈ ಬದಲಾಯಿಸಿದರೆ ಮುಗಿಯಿತು, ಮಾತು ಕೊಟ್ಟ ಹಾಗೆ. ನಾನು ಆ ತೆಂಗಿನಕಾಯಿಯನ್ನೇ ನೋಡುತ್ತಿದ್ದೆ.

"ತಟ್ಟೆ ಒಳೀಕಿಡವ್ವ" ಎಂದಳು ಅತ್ತೆ.

ಅಪ್ಪನ ನಗು ನಿಂತಿತು. "ಯಾಕಕ್ಕ? ಉಡ್ಗನ್ದೇನಾದ್ರೂ..."

"ಉಡ್ಗ ಚಿನ್ನ ಕಣಪ್ಪ. ಸುಳ್ಳು ಯೋಳ್ತಿರೋಳು ನಮ್ಮುಡ್ಗಿ."

"ಅವ್ಳು ಬಾಯೇ ಬುಟ್ಟಿಲ್ವಲ್ಲಕ್ಕ."

"ಅದ್ನೇ ನಾನೂ ಯೋಳ್ತಿರಾದು."

ಹೊರಗೆ ಯಾವುದೋ ಕಾರು ಹಾರನ್ನು ಹೊಡೆಯಿತು. ಆ ಹುಡುಗ ಕಾಫಿ ಲೋಟ ಕೆಳಗಿಟ್ಟು, ಅವರನ್ನೇ ಒಂದು ಮಾತು ಕೇಳಿ ಎಂದ. ಒಳ್ಳೆಯವನೇ, ಅತ್ತೆಯ ಪತ್ತೇದಾರಿಕೆ ಅಲ್ಲೂ ತಪ್ಪಿರಲಿಲ್ಲ. ಎಲ್ಲರ ಮುಖವೂ ನನ್ನ ಕಡೆ ತಿರುಗಿತು. ನಾನು "ಬೇಡ" ಎಂದೆ. ಕಾರಣವನ್ನು ಯಾರಾದರೂ ಕೇಳುತ್ತಾರೆಂದು ಕಾದೆ. ಕೇಳಲಿಲ್ಲ. ಅತ್ತೆ ಆಗಲೇ ಎದ್ದು ಚಿಕ್ಕಪ್ಪನವರಿಗೆ ಇನ್ನೊಂದು ಕೋಡುಬಳೆ ಬಡಿಸುತ್ತಿದ್ದಳು. ಅವರು ತಗ್ಗಿದ ದನಿಯಲ್ಲಿ, ಹಾಗಾದರೆ ಆ ಟೋಪಿಯವನು ಯಾರು ತಾಯಿ ಎಂದು ಕೇಳಿದ್ದು ಮಾತ್ರ ನನಗೆ ಕೇಳಿಸಿತು.

ಅವರು ಹೊರಟ ಮೇಲೆ ಅಪ್ಪ ಸಿಟ್ಟಿನಿಂದ ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಅತ್ತೆ ಸಂಜೆಯ ಹಾಲು ಕರೆಯಲು ಹೊರಟಳು. ನಾನೂ ಪುಸ್ತಕ ತುಂಬಿಕೊಂಡು ಅವಳ ಜೊತೆ ಬಸ್ಸು ಹತ್ತಿದೆ. ಕಿರಂಗೂರು ದಾಟಿದ ಮೇಲೆ, ನಾನೇನೂ ಹೇಳದೆ ಅವಳಿಗೆ ಹೇಗೆ ಗೊತ್ತಾಯಿತೆಂದು ಕೇಳಿದೆ.

ಅತ್ತೆ ಕಿಟಕಿಯ ಆಚೆ ನೋಡುತ್ತಿದ್ದಳು. "ಇಷ್ಟು ದಿನ ನಾನು ಪಿಚ್ಚರ್ ನೋಡ್ತಿದ್ದೆ ಅಂದ್ಕಂಡಾ ಮಗ? ಬೆಳಕ್ನಾಗೆ ನಿನ್ ಮಖದ್ಮೇಲೆ ಏನೂ ಕಾಣ್ತಿರ್ನಿಲ್ಲ. ಆ ಕತ್ಲೇಲಿ ನೀನು ಎಲ್ಲಾ ಯೋಳ್ಬುಡ್ತಿದ್ದೆ."

ಸ್ವಲ್ಪ ದೂರ ಹೋದ ಮೇಲೆ, ಯಾರಿಗೂ ಅಲ್ಲವೆಂಬಂತೆ ಇನ್ನೊಂದು ಮಾತು ಸೇರಿಸಿದಳು.

"ನನ್ನೂ ಇಂಗೇ ಕೂರ್ಸಿದ್ರು. ಎಲ್ರೂ ಮಾತಾಡ್ತಾನೇ ಇದ್ರು. ನನ್ ಮಖ ಒಬ್ರೂ ನೋಡ್ನಿಲ್ಲ."

ಮರುದಿನ ಮಧ್ಯಾಹ್ನ ಎಂದಿನಂತೆ ಕಂಬಳಿ ಇಳಿಯಿತು. ಪರದೆಯ ಮೇಲೆ ಒದ್ದೆ ಬೀದಿ, ಟೋಪಿ, ನೆರಳು. ನಾನು ಅದನ್ನು ಬಿಟ್ಟು ಪಕ್ಕಕ್ಕೆ ತಿರುಗಿದೆ. ಬಿಳಿಯ ಬೆಳಕು ಅತ್ತೆಯ ಮುಖದ ಅರ್ಧಕ್ಕೆ ಬಿದ್ದಿತ್ತು. ಎಷ್ಟೋ ವರ್ಷದಿಂದ ಯಾರೂ ನೋಡದಿದ್ದ ಆ ಮುಖವನ್ನು ನಾನು ನೋಡುತ್ತ ಕೂತೆ.

"ಅತ್ಲಾಗ್ ನೋಡು ಮಗ" ಎಂದಳು ಅತ್ತೆ, ತಿರುಗದೆ. "ಕೊಲೆ ತಪ್ಪೋಯ್ತದೆ."