ಕಿವಿಯಿಂದ ಸಿನಿಮಾ ನೋಡಿದ ಮಾವ

ನಮ್ಮ ಸೋದರಮಾವನ ಜೊತೆ ಸಿನಿಮಾಕ್ಕೆ ಹೋಗುವುದೂ ಒಂದೇ, ಕತೆಯಲ್ಲಿ ಯಾರು ಸಾಯುತ್ತಾರೆಂದು ಟಾಕೀಸಿನ ಗೋಡೆಗೆ ಬರೆದು ಹಚ್ಚುವುದೂ ಒಂದೇ! ಬನಹಟ್ಟಿಯಲ್ಲಿ ಸೀರೆ ನೇಯುತ್ತಿದ್ದ ಈ ಮಹಾಶಯ, ನಾವಿನ್ನೂ ಮುಂಬಯಿ ಸರಕಾರದ ಕೈಕೆಳಗಿದ್ದ ಕಾಲದಲ್ಲಿ, ತಿಂಗಳಿಗೊಮ್ಮೆ ನನ್ನನ್ನು ಸೈಕಲ್ಲಿನ ಮೇಲೆ ಕೂಡಿಸಿಕೊಂಡು ಜಮಖಂಡಿಗೆ ಮಧ್ಯಾಹ್ನದ ಆಟಕ್ಕೆ ಹೋಗುತ್ತಿದ್ದ. ಹಿಂದಿ ಒಂದಕ್ಷರ ಬರುತ್ತಿರಲಿಲ್ಲ. ಬರದಿದ್ದರೇನಂತೆ, ಕಿವಿ ಇತ್ತಲ್ಲ!

ಪರದೆಯ ಮೇಲೆ ನಾಯಕನ ಗೆಳೆಯ ಕತ್ತಲೆ ಮನೆಯಲ್ಲಿ ಒಬ್ಬನೇ ನಡೆಯುತ್ತಾನೆ. ಬೆನ್ನ ಹಿಂದೆ ಚೂರಿ. ನಗಾರಿ ದಡದಡ ಬಡಿಯುತ್ತದೆ, ಪಿಟೀಲು ಕಿರುಚುತ್ತದೆ, ನಾನು ಕುರ್ಚಿಯ ಅಂಚಿನಲ್ಲಿ ನಡುಗುತ್ತಿದ್ದೇನೆ. ಮಾವ ಮಾತ್ರ ಆರಾಮಾಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದ.

“ಬಾಜಾ ನಡದೈತಿ. ಅದು ನಿಲ್ಲೂತನಕ ಏನೂ ಆಗೂದಿಲ್ಲ, ಸುಮ್ಮ ಕೂಡು.”

ಬಾಜಾ ತಟ್ಟನೆ ನಿಂತಿತೋ ಇಲ್ಲವೋ, ಮಾವ ಎದ್ದು ನಿಂತು ಪರದೆಗೆ ಕೈ ಮುಗಿದ. ಮರುಗಳಿಗೆಯೇ ಚೂರಿ ಇಳಿಯಿತು. ಮೊದಲೇ ನೋಡಿ ಬಂದು ಆಟ ಕೆಡಿಸುತ್ತಾನೆಂದು ಹಿಂದಿನವರು ಬೈದರು.

ಪಾಪ, ಅವರಿಗೆ ನೇಕಾರರ ಓಣಿಯ ರೀತಿ ಏನು ಗೊತ್ತು? ಬೆಳಗಾದರೆ ನಮ್ಮಲ್ಲಿ ಮನೆಮನೆಗೂ ಮಗ್ಗದ ಸದ್ದು. ಯಾರಾದರೂ ತೀರಿಕೊಂಡರೆ ಓಣಿಯ ಮಗ್ಗಗಳೆಲ್ಲ ನಿಲ್ಲುತ್ತಿದ್ದವು. ಹಗಲಲ್ಲಿ ಸದ್ದು ನಿಂತಿತೆಂದರೆ ಒಂದು ಜೀವ ಹೋಯಿತೆಂದೇ ಅರ್ಥ, ಇದ್ದಲ್ಲೇ ಎದ್ದು ಕೈ ಮುಗಿಯಬೇಕು. ಒಮ್ಮೆ ರೀಲು ಹರಿದು ಟಾಕೀಸು ಗಪ್ಪಾದಾಗಲೂ ಮಾವ ಕೈ ಮುಗಿದುಬಿಟ್ಟ. ರೀಲು ಜೋಡಿಸಿದ ಮೇಲೆ ನಾಯಕ ಹಾಡುತ್ತ ಕುಣಿದನಲ್ಲ, ಸತ್ತವನು ಹೀಗೆ ಕುಣಿಯಬಾರದೆಂದು ಊರು ಮುಟ್ಟುವವರೆಗೆ ಗೊಣಗಿದ.

ಮಕ್ಕಳಿಲ್ಲದ ಮಾವನಿಗೆ ಇದ್ದವಳು ಅತ್ತೆಯೊಬ್ಬಳೇ. ಆ ವರ್ಷ ಅವಳು ವಿಷಮಜ್ವರದಿಂದ ಹಾಸಿಗೆ ಹಿಡಿದಳು. ಡಾಕ್ಟರು ಗದ್ದಲ ಬೇಡವೆಂದು ಹೇಳಿಹೋದರು. ಓಣಿಯವರು ಒಳ್ಳೆಯವರು, ಸುದ್ದಿ ಕೇಳಿ ಒಬ್ಬೊಬ್ಬರಾಗಿ ಮಗ್ಗ ನಿಲ್ಲಿಸಿದರು. ಅತ್ತೆಯ ಹಣೆಗೆ ತಣ್ಣೀರ ಪಟ್ಟಿ ಹಾಕುತ್ತಿದ್ದ ಮಾವನ ಕೈ ಅಲ್ಲಿಯೇ ನಿಂತಿತು. ಅವನ ಮುಖ ನೋಡಿ ನನಗೂ ಭಯವಾಯಿತು. ಬರಿಗಾಲಲ್ಲಿ ಓಡಿದವನು ಬಾಗಿಲು ಬಾಗಿಲಿಗೂ ಕೈ ಮುಗಿದು ನಿಂತ.

“ನಿಮ್ಮ ಕಾಲಿಗೆ ಬೀಳ್ತೀನ್ರೀ, ಮಗ್ಗ ನಡಸ್ರಿ. ಆಕಿ ಇನ್ನೂ ಅದಾಳ.”

ಯಾರೂ ನಗಲಿಲ್ಲ. ಒಂದು ಮಗ್ಗ ಸದ್ದು ಮಾಡಿತು, ಆಮೇಲೆ ಅದರ ಪಕ್ಕದ್ದು. ನೂಲು ಮುಗಿದವರು ಖಾಲಿ ಮಗ್ಗವನ್ನೇ ಬಡಿದರು. ಮಾವ ಬಂದು ಮತ್ತೆ ಪಟ್ಟಿ ಹಿಡಿದು ಕೂತ.

ಸಂಜೆ ಅತ್ತೆ ಕಣ್ಣು ಬಿಟ್ಟಳು. ತುಸು ಹೊತ್ತು ಕಿವಿಗೊಟ್ಟು ಮಲಗಿದ್ದಳು.

“ಮಗ್ಗ ನಡದಾವಲ್ಲ?” ಎಂದಳು. “ಹಂಗಾದ್ರ ನಾ ಅದೀನಿ.”