ಕಾಕಾನ ನಾಲ್ಕೆಳೆ ಹೆಣಿಕೆ

ಗುಂಡು ತಾಗದ ಅಂಗಿ ಬೇಕೆಂದರೆ ಮಿಲಿಟರಿಯವರ ಹತ್ತಿರ ಹೋಗಬೇಕಿಲ್ಲ. ಹಾನಗಲ್ಲಿನ ನಮ್ಮ ಕಾಕಾನ ಮನೆಗೆ ಬಂದರೆ ಸಾಕು! ಕ್ರೋಶಾ ಕಡ್ಡಿ ಹಿಡಿದು ಹೆಣೆದೇ ಕೊಡುತ್ತಾನೆ. ಊರವರೆಲ್ಲ ಒಂದೆಳೆ ಉಲ್ಲನ್ನಿನಲ್ಲಿ ಹೆಣೆದರೆ ಇವನದು ನಾಲ್ಕೆಳೆ. ನಾಲ್ಕು ಉಂಡೆಗಳಿಂದ ನಾಲ್ಕು ಬಣ್ಣದ ಎಳೆ ತೆಗೆದು ಒಟ್ಟಿಗೇ ಹಿಡಿಯುತ್ತಾನೆ. ಬಣ್ಣಗಳ ಬಗ್ಗೆ ನಾನು ಮಾತಾಡದಿರುವುದೇ ಒಳ್ಳೆಯದು.

ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನಿಗೆ ಈ ಹುಚ್ಚು ಎಲ್ಲಿಂದ ಹತ್ತಿತು ಅಂತೀರಾ? ಹೆಣಿಕೆ ನಿಜಕ್ಕೂ ಅವನ ಹೆಂಡತಿ, ನಮ್ಮ ಕಾಕುವಿನ ವಿದ್ಯೆ. ನಮ್ಮ ಮನೆತನದ ಕೂಸುಗಳ ತಲೆಗೆ ಹಾಕುವ ಕುಲಾಯಿಗಳೆಲ್ಲ ಅವಳ ಕೈಯವೇ. ಹೋದ ವರ್ಷ ಲಕ್ವಾ ಹೊಡೆದು ಅವಳ ಬಲಗೈ ಸೋತಿತು. ಮಾತು ತಿರುಗಿ ಬಂತು, ನಡಿಗೆಯೂ ಬಂತು. ಬೆರಳುಗಳು ಮಾತ್ರ ಹಟ ಹಿಡಿದವು. ಕೈಗೆ ಕೆಲಸ ಕೊಡಿ ಎಂದರು ಡಾಕ್ಟರು. ತೆಳ್ಳನೆಯ ಎಳೆ ಬೆರಳಿಗೆ ಹತ್ತದಾದಾಗ ಕಾಕು ಕಡ್ಡಿ ಒಗೆದು, ಇನ್ನು ಮುಟ್ಟುವುದಿಲ್ಲ ಎಂದುಬಿಟ್ಟಳು.

“ದಪ್ಪ ಎಳಿ ಆದ್ರ ಹತ್ತತೈತಿ, ತಡಿ,” ಎಂದು ಕಾಕಾ ಆ ಕಡ್ಡಿ ಎತ್ತಿಕೊಂಡ. ಅವಳು ನೋಡಲಿಲ್ಲ. ಇವನು ಬಿಡಲಿಲ್ಲ.

ಮೊದಲ ಬಲಿ ನಾನೇ. ಅವನು ಹೆಣೆದ ಟೊಪ್ಪಿಗೆ ಹಾಕಿಕೊಂಡು ಹಂಸಭಾವಿಗೆಂದು ಬಸ್ಸು ಹತ್ತಿದೆ. ಕಂಡಕ್ಟರ್ ಊರ ಹೆಸರು ಕೂಗಿದ್ದು ಕಿವಿಗೆ ಬಿದ್ದರೆ ತಾನೆ? ಇಳಿದದ್ದು ಹಿರೇಕೆರೂರಿನಲ್ಲಿ!

“ಕಿವ್ಯಾಗ ಗಾಳಿ ಹೊಕ್ಕಿತ್ತೇನು?” ಎಂದು ಕೇಳಿದ ಕಾಕಾ.

“ಇಲ್ಲ.”

“ಮತ್ತೇನಪಾ ನಿಂದು ತಕರಾರು?”

ಆಮೇಲೆ ಸಂತೆಗೊಂದು ಚೀಲ ತಯಾರಾಯಿತು. ಕಾಯಿಪಲ್ಲೆ ಮಾರುವವಳು ಅದನ್ನು ಕೈಯಲ್ಲೆತ್ತಿ, “ಮಾಸ್ತರ್ರ, ಇದ್ರಾಗ ಮೊದ್ಲ ಏನೋ ತುಂಬೇತಲ್ರಿ!” ಎಂದಳಂತೆ. ಚೀಲ ಖಾಲಿ ಇತ್ತು.

ನಾಲ್ಕೆಳೆಯ ತೊಂದರೆ ಎಂದರೆ ಕಡ್ಡಿಯ ಕೊಕ್ಕೆಯಿಂದ ಯಾವುದಾದರೂ ಒಂದು ಜಾರುತ್ತದೆ. ಮಂಚದ ಮೇಲೆ ಕೂತಲ್ಲಿಂದಲೇ ಕಾಕುವಿಗೆ ಅದು ಕಾಣುತ್ತದೆ.

“ಏನ್ ಮಾಡಾಕತ್ತೀರಿ? ಒಂದು ಎಳಿ ಬಿಟ್ಟ್ರಿ ನೋಡ್ರಿ!”

“ಎಲ್ಲಿ? ನನಗ ಕಾಣವಲ್ದು. ನೀನ ಬಂದು ತೋರ್ಸು.”

“ನಾ ಮುಟ್ಟಂಗಿಲ್ಲ ಅಂದೇನಿ!”

ಕೊನೆಯ ಬೆಂಚಿನ ಕಾಪಿ ಚೀಟಿಯನ್ನು ಬಾಗಿಲಿನಿಂದಲೇ ಹಿಡಿಯುತ್ತಿದ್ದ ಮನುಷ್ಯನಿಗೆ ಕೈಯಲ್ಲಿರುವ ಎಳೆ ಕಾಣುವುದಿಲ್ಲವೇ? ಕೇಳಿದರೆ ಕನ್ನಡಕ ಒರೆಸುತ್ತ, “ವಯಸ್ಸಾತಪಾ,” ಎನ್ನುತ್ತಾನೆ.

ಮೊನ್ನೆ ನಾನು ಹೋದಾಗ ಅವನು ಸಾಲಾಗಿ ಎಳೆ ಬಿಡುತ್ತಿದ್ದ. ಕಾಕು ನೋಡಿದಳು, ಹಲ್ಲು ಕಚ್ಚಿದಳು, ಕೊನೆಗೆ ಎದ್ದೇ ಬಂದಳು.

“ಕೊಡ್ರಿ ಇಲ್ಲಿ! ಉಲ್ಲನ್ ಹಾಳ ಮಾಡಾಕ ಹುಟ್ಟೀರಿ!”

ಸೊಟ್ಟ ಬೆರಳುಗಳು ಕಡ್ಡಿಯನ್ನು ಸುತ್ತಿಕೊಂಡವು. ಕಡ್ಡಿ ನಡುಗುತ್ತ ಒಳಗೆ ಹೋಯಿತು, ತಡವರಿಸಿತು, ಉಲ್ಲನ್ನನ್ನು ಎಳೆದುಕೊಂಡು ಹೊರಗೆ ಬಂತು. ಕಾಕು ಅದನ್ನು ಬೆಳಕಿಗೆ ಹಿಡಿದಳು. ಅವಳ ಮುಖ ಸಪ್ಪಗಾಯಿತು.

“ಒಂದು ಎಳಿ ಬಿಟ್ಟೇನ್ರಿ.”

ಅಷ್ಟು ದಿನ ಏನೂ ಕಾಣದ ಕಾಕಾ ಕನ್ನಡಕವಿಲ್ಲದೆಯೇ ಬಗ್ಗಿ ನೋಡಿದ.

“ಬಿಟ್ರ ಬಿಡ್ಲಿ,” ಎಂದ. “ಮೂರು ಬಂದಾವಲ್ಲ!”